ಹೊಲ ಮಾರಿ ಸೈಕಲ್ ಕೊಳ್ಳಬೇಡಿ

ಹೋದ ಬೇಸಿಗೆಯಲ್ಲಿ ಕುಕನೂರಿಗೆ ಸಂತೆಗೆಂದು ಬಂದಿದ್ದ ರೈತರೊಬ್ಬರು ಮಗನನ್ನು ಕರೆದುಕೊಂಡು ನನ್ನೆದುರು ಬಂದು ನಿಂತರು. ಹುಡುಗನಿಗೆ ಹದಿನೈದು ವರ್ಷ ಇರಬಹುದು. "ಸರ, ನಾಲ್ಕು ಲಕ್ಷದ ಸೈಕಲ್ ಇಲ್ದ ರೇಸಿಗೆ ಹೋದ್ರ ಏನೂ ಆಗಂಗಿಲ್ಲ ಅಂತಾರ. ಖರೇ ಏನ್ರೀ? ಒಂದೆಕರೆ ಎರಿ ಐತಿ, ಮಾರಬೇಕಂತ ಮಾಡೇನ್ರಿ. ಹುಡುಗ ಭಾಳ ಬಿರುಸು ಹೊಡಿತಾನ" ಎಂದರು.

ಹುಡುಗ ತುಳಿದುಕೊಂಡು ಬಂದಿದ್ದ ಸೈಕಲ್ ನೋಡಿದೆ. ದಪ್ಪ ಹಲ್ಲಿನ ಟೈರು, ಮುಂದೊಂದು ಶಾಕ್, ನಡುವೆ ಇನ್ನೊಂದು ಶಾಕ್. ಸೀಟು ಎಷ್ಟು ಕೆಳಗಿತ್ತೆಂದರೆ ಪೆಡಲ್ ಪೂರ್ತಿ ಕೆಳಗೆ ಬಂದಾಗಲೂ ಮೊಣಕಾಲು ಅರ್ಧ ಮಡಚಿಯೇ ಇರುತ್ತಿತ್ತು. ಚೈನು ಒಣಗಿ ಕಿರುಗುಟ್ಟುತ್ತಿತ್ತು, ಹಿಂದಿನ ಬ್ರೇಕಿನ ರಬ್ಬರು ರಿಮ್ಮಿಗೆ ಒರಸುತ್ತಿತ್ತು, ಎರಡೂ ಟೈರಿನಲ್ಲಿ ಅರ್ಧಂಬರ್ಧ ಹವಾ. ಅಷ್ಟನ್ನೇ ಸರಿಮಾಡಿದೆ. ಸೀಟನ್ನು ನಾಲ್ಕು ಬೆರಳು ಎತ್ತರಿಸಿದೆ, ಹವಾ ಹೊಡೆದೆ, ಬ್ರೇಕು ಬಿಡಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ. ಯಲಬುರ್ಗಾ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ ಹುಡುಗ, "ಹಿಂದಿನಿಂದ ಯಾರೋ ನೂಕಿದಂಗಾತ್ರೀ" ಎಂದ. ಖರ್ಚಾದದ್ದು ನಾಲ್ಕು ಹನಿ ಎಣ್ಣೆ.

ಆ ಎರಿ ಹೊಲ ಉಳಿಯಿತು. ಆದರೆ ಆ ತಂದೆಗೆ ಆ ಮಾತು ಹೇಳಿದವರು ಇನ್ನೆಷ್ಟು ತಂದೆಯರಿಗೆ ಅದನ್ನೇ ಹೇಳುತ್ತಿದ್ದಾರೋ! ಆ ಮಾತು ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು, ಅದು ಬಡವರ ಮನೆ ಮುರಿಯುವ ಸುಳ್ಳು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಅಭಿಪ್ರಾಯವನ್ನು ಹರಡುವವರು ಒಬ್ಬಿಬ್ಬರಲ್ಲ. ಮಾರುವವರು ಹೇಳುತ್ತಾರೆ, ಅದು ಅವರ ವ್ಯಾಪಾರ. ನಗರದಲ್ಲಿ ಭಾನುವಾರ ಬೆಳಿಗ್ಗೆ ಕಾರ್ಬನ್ ಸೈಕಲ್ ಏರಿ ಹೊರಡುವವರು ಹೇಳುತ್ತಾರೆ, ತಾವು ಕೊಟ್ಟ ದುಡ್ಡಿಗೆ ಅರ್ಥ ಇರಲೇಬೇಕೆಂದು ಅವರಿಗೆ ಅನಿಸುತ್ತದೆ. ತರಬೇತುದಾರರಲ್ಲೂ ಕೆಲವರು ಸೋಲಿಗೆ ಮೊದಲ ಕಾರಣವಾಗಿ ಸೈಕಲ್ಲನ್ನೇ ತೋರಿಸುತ್ತಾರೆ. ಪತ್ರಿಕೆಗಳೂ ಇದರಲ್ಲಿ ಪಾಲುದಾರರು. ಬಡ ಮನೆಯ ಹುಡುಗಿಯೊಬ್ಬಳು ಪದಕ ಗೆದ್ದರೆ ತಲೆಬರಹದಲ್ಲಿ ಅವಳ ಕಾಲಿಗಿಂತ ಮೊದಲು ಅವಳ ಬಳಿ ಇಲ್ಲದ ಸೈಕಲ್ಲಿನ ಬೆಲೆ ಬರುತ್ತದೆ. ಇದನ್ನು ಓದುವ ಹಳ್ಳಿಯ ಮಗುವಿಗೆ ಅರ್ಥವಾಗುವುದು ಒಂದೇ: ಲಕ್ಷಗಟ್ಟಲೆ ಇಲ್ಲದ ಮನೆಯವರು ಈ ಆಟದ ಆಸೆ ಇಟ್ಟುಕೊಳ್ಳಬಾರದು.

ಹಾಗಿದ್ದರೆ ಲೆಕ್ಕ ಹಾಕೋಣ. ಅರವತ್ತು ಕಿಲೋ ತೂಕದ ಸವಾರ, ನುಣುಪು ಟೈರು, ಸಮತಟ್ಟು ರಸ್ತೆ, ಗಾಳಿ ಇಲ್ಲದ ಬೆಳಗು, ತಾಸಿಗೆ 30 ಕಿ.ಮೀ. ವೇಗ. ಅವನು ಸುಮಾರು 160 ವ್ಯಾಟ್ ಶಕ್ತಿ ಹಾಕಬೇಕು. ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಗಾಳಿಯನ್ನು ಸೀಳುವುದಕ್ಕೆ, ಉಳಿದದ್ದು ಟೈರು ರಸ್ತೆಗೆ ಉಜ್ಜುವುದಕ್ಕೆ. ಈಗ 14 ಕಿಲೋ ಸೈಕಲ್ ತೆಗೆದು 8 ಕಿಲೋ ಸೈಕಲ್ ಕೊಟ್ಟರೆ ಉಳಿಯುವುದೆಷ್ಟು? ಸುಮಾರು 3 ವ್ಯಾಟ್. ಅದೇ ಹಳೆಯ ಸೈಕಲ್ಲಿನಲ್ಲಿ ಮೊಣಕೈ ಮಡಚಿ ಬೆನ್ನು ಬಗ್ಗಿಸಿ ಕೂತರೆ ಉಳಿಯುವುದು 20ರಿಂದ 25 ವ್ಯಾಟ್. ದಪ್ಪ ಹಲ್ಲಿನ ಅಗ್ಗದ ಟೈರು ತೆಗೆದು ನುಣುಪಾದ ಒಳ್ಳೆಯ ಟೈರು ಹಾಕಿದರೆ ಹತ್ತಿರ ಹತ್ತಿರ 35 ವ್ಯಾಟ್. ಗಾಳಿಯ ಒತ್ತಡದಲ್ಲೂ ದೊಡ್ಡ ಪಾಲು ಸವಾರನ ದೇಹದ್ದು, ಸೈಕಲ್ಲಿನದು ಚಿಕ್ಕದು. ಅಂದರೆ ಲಕ್ಷಾಂತರ ರೂಪಾಯಿ ಕೊಟ್ಟು ಪಡೆಯುವ ಹಗುರದಿಂದ ಬರುವ ಲಾಭದ ಏಳೆಂಟು ಪಟ್ಟು ಲಾಭ ಕಾಸಿಲ್ಲದೆ ಬಗ್ಗಿ ಕೂರುವುದರಲ್ಲಿದೆ, ಹತ್ತು ಪಟ್ಟಿಗಿಂತ ಹೆಚ್ಚು ಲಾಭ ಎರಡು ಟೈರಿನಲ್ಲಿದೆ. ಟೈರಿನ ಗುಣ, ಸವಾರನ ಮೈಕಟ್ಟು ಬದಲಾದಂತೆ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ. ಯಾವುದು ದೊಡ್ಡದು ಯಾವುದು ಚಿಕ್ಕದು ಎಂಬುದು ಬದಲಾಗುವುದಿಲ್ಲ.

ಏರಿನಲ್ಲಿ ತೂಕ ಕಾಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹತ್ತು ನಿಮಿಷದ ಕಡಿದಾದ ಏರಿನಲ್ಲಿ ಆರು ಕಿಲೋ ಹೆಚ್ಚಿಗೆ ಹೊತ್ತವನು ಮುಕ್ಕಾಲು ನಿಮಿಷದಷ್ಟು ಹಿಂದೆ ಬೀಳಬಹುದು. ಗಜೇಂದ್ರಗಡದ ಗುಡ್ಡ ಹತ್ತುವಾಗ ಇದು ತೊಡೆಗೆ ಗೊತ್ತಾಗುತ್ತದೆ. ಆದರೆ ಕುಕನೂರು, ಯಲಬುರ್ಗಾ, ಕೊಪ್ಪಳ, ಗಂಗಾವತಿ, ಕುಷ್ಟಗಿ ಈ ಐದು ಊರಿನ ನಡುವೆ ಅಂಥ ಏರು ಎಷ್ಟಿವೆ? ನಮ್ಮದು ಕಣ್ಣು ಹರಿಯುವಷ್ಟು ದೂರ ಎರಿ ಹೊಲ. ಇಲ್ಲಿ ಎದುರಾಳಿ ಎಂದರೆ ಗಾಳಿ, ಅದೂ ಆಷಾಢದ ಪಡುವಣ ಗಾಳಿ. ಯಲಬುರ್ಗಾ, ಕುಕನೂರು, ಗಜೇಂದ್ರಗಡದ ಸುತ್ತ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿದವರಿಗೆ ಈ ನೆಲದ ಗಾಳಿಯ ಬೆಲೆ ಗೊತ್ತಿದೆ. ನಮ್ಮ ಹುಡುಗರಿಗೂ ಅದು ಗೊತ್ತಾಗಬೇಕು. ಬೆಟ್ಟದ ನಾಡಿನ ಸವಾರನಿಗೆ ಬೆಟ್ಟ ಏನೋ ಇಲ್ಲಿಯ ಸವಾರನಿಗೆ ಗಾಳಿ ಅದೇ. ದಿನವೂ ಎದುರಿಗಿದೆ, ಅದಕ್ಕೆ ಕಾಸು ಕೊಡಬೇಕಿಲ್ಲ.

ಈ ಆಟದ ಚರಿತ್ರೆಯೂ ಈ ಅಭಿಪ್ರಾಯದ ವಿರುದ್ಧ ಸಾಕ್ಷಿ ಹೇಳುತ್ತದೆ. ಟೂರ್ ದ ಫ್ರಾನ್ಸ್ ಶುರುವಾದ 1903ರಲ್ಲಿ ಮೊದಲ ಹಂತ ಪ್ಯಾರಿಸ್ಸಿನಿಂದ ಲಿಯೋಂವರೆಗೆ 467 ಕಿ.ಮೀ. ಮೊರಿಸ್ ಗಾರಾಂ ಎಂಬವನು ಅದನ್ನು ಹದಿನೇಳೂಮುಕ್ಕಾಲು ತಾಸಿನಲ್ಲಿ ಮುಗಿಸಿದ. ತಾಸಿಗೆ 26 ಕಿ.ಮೀ. ಮೇಲಾಯಿತು. ಅವನ ಸೈಕಲ್ ಸುಮಾರು 18 ಕಿಲೋ, ಗೇರ್ ಬದಲಿಸುವ ಸಾಧನ ಇಲ್ಲ, ರಸ್ತೆಗೆ ಡಾಂಬರಿಲ್ಲ. ಗೇರ್ ಬದಲಿಸುವ ಸಾಧನಕ್ಕೆ ಆ ಸ್ಪರ್ಧೆಯಲ್ಲಿ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಇಂದು ನಮ್ಮಲ್ಲಿ ಹಿಂದೆ ಹನ್ನೆರಡು ಹಲ್ಲುಚಕ್ರಗಳಿಲ್ಲದೆ ಸ್ಪರ್ಧೆಯೇ ಇಲ್ಲ ಎನ್ನುವವರು ಈ ಮೂವತ್ತನಾಲ್ಕು ವರ್ಷಗಳನ್ನು ನೆನೆಯಬೇಕು.

ಅವನಿಗಿಂತ ನನಗೆ ಹತ್ತಿರದವನು ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ. ಕೈಯಲ್ಲಿ ಕಾಸಿಲ್ಲದ ಮನುಷ್ಯ. ತನ್ನ ಸೈಕಲ್ಲನ್ನು ತಾನೇ ಕಟ್ಟಿಕೊಂಡ, ಪೆಡಲಿನ ಅಚ್ಚಿಗೆ ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಹಾಕಿದ. ಒಂದು ತಾಸಿನಲ್ಲಿ ಅತಿ ಹೆಚ್ಚು ದೂರ ಕ್ರಮಿಸುವ ವಿಶ್ವದಾಖಲೆಗೆಂದು ನಾರ್ವೆಗೆ ಹೋಗಿ, ಮೊದಲ ದಿನ ಸೋತ. ಮರುದಿನ, 1993ರ ಜುಲೈ 17ರ ಬೆಳಿಗ್ಗೆ, ಮತ್ತೆ ಹತ್ತಿ 51.596 ಕಿ.ಮೀ. ತುಳಿದ. ಇಟಲಿಯ ಫ್ರಾಂಚೆಸ್ಕೊ ಮೋಸರ್ 1984ರಲ್ಲಿ ಮಾಡಿದ್ದ ದಾಖಲೆ ಮುರಿಯಿತು. ವಾರದೊಳಗೆ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದನ್ನೂ ಮುರಿದ ಎಂಬುದು ನಿಜ, ಒಬ್ರಿ ಮರುವರ್ಷ ಮತ್ತೆ ಗೆದ್ದದ್ದೂ ನಿಜ.

ಬೋರ್ಡ್‌ಮನ್ ಹೆಸರು ಬಂದಾಗ ಎದುರಾಳಿಗಳು ಒಂದು ಪ್ರಶ್ನೆ ಹಾಕುತ್ತಾರೆ, ಅದಕ್ಕೆ ಉತ್ತರ ಕೊಡಲೇಬೇಕು. ಅವನು 1996ರಲ್ಲಿ ಆಧುನಿಕ ಸೈಕಲ್ ಮೇಲೆ 56.375 ಕಿ.ಮೀ. ಹೋದವನು. 2000ದಲ್ಲಿ, ಹಳೆಯ ಕಾಲದ ಮಾದರಿಯ ಸೈಕಲ್ಲಿನಲ್ಲೇ ಹೋಗಬೇಕೆಂಬ ನಿಯಮದಡಿ, 49.441 ಕಿ.ಮೀ. ಮಾತ್ರ ಹೋದ. ಎಡ್ಡಿ ಮರ್ಕ್ಸ್ 1972ರಲ್ಲಿ ಹೋದದ್ದಕ್ಕಿಂತ ಕೇವಲ ಹತ್ತು ಮೀಟರ್ ಹೆಚ್ಚು. ಏಳು ಕಿಲೋಮೀಟರ್ ವ್ಯತ್ಯಾಸ ಸೈಕಲ್ಲಿನದಲ್ಲವೇ ಎಂದು ಕೇಳುತ್ತಾರೆ. ನಾಲ್ಕು ವರ್ಷದಲ್ಲಿ ಆ ಮನುಷ್ಯನ ವಯಸ್ಸೂ ಏರಿತ್ತು. ಆದರೂ ದೊಡ್ಡ ವ್ಯತ್ಯಾಸ ಸಾಧನದ್ದು ಎಂದು ಒಪ್ಪುತ್ತೇನೆ. ಆ ಸಾಧನದಲ್ಲಿ ಮುಖ್ಯವಾದದ್ದು ಯಾವುದು? ಕೈಗಳನ್ನು ಮುಂದಕ್ಕೆ ನೀಳವಾಗಿ ಚಾಚಿ ಮಲಗಿದಂತೆ ಕೂರುವ ಭಂಗಿ. ಅದನ್ನು ಕಂಡುಹಿಡಿದವನು ಒಗೆಯುವ ಯಂತ್ರದ ಬೇರಿಂಗ್ ಹಾಕಿಕೊಂಡಿದ್ದ ಅದೇ ಒಬ್ರಿ. ಆ ಭಂಗಿಯಲ್ಲೇ ಅವನು 1995ರಲ್ಲಿ ವಿಶ್ವ ಚಾಂಪಿಯನ್ ಆದ. ಮುಂದೆ ಅದನ್ನು ನಿಷೇಧಿಸಿದರು. ಕಾರ್ಖಾನೆಗಳಿಗೆ ಹೊಳೆಯದ್ದು ದುಡ್ಡಿಲ್ಲದವನಿಗೆ ಹೊಳೆಯಿತು, ಯಾಕೆಂದರೆ ಅವನು ಕೊಳ್ಳುವ ಬದಲು ಯೋಚಿಸಬೇಕಾಗಿತ್ತು.

ನಮ್ಮ ಜನರಿಗೆ ಇದನ್ನು ಸ್ಕಾಟ್ಲೆಂಡಿನಿಂದ ತಂದು ಹೇಳಬೇಕಾಗಿಲ್ಲ. ನಮ್ಮ ಕಡೆ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನೋಡದವರು ಯಾರು? ಬಂಡಿ ಒಂದೇ. ಜೋಡಿ ಎತ್ತುಗಳು ಸರದಿಯ ಮೇಲೆ ಬಂದು ಅದೇ ಬಂಡಿಯನ್ನು ಎಳೆಯುತ್ತವೆ, ಕೊಟ್ಟ ಹೊತ್ತಿನಲ್ಲಿ ಎಷ್ಟು ಅಡಿ ಎಳೆದವು ಎಂದು ಹಗ್ಗ ಹಿಡಿದು ಅಳೆಯುತ್ತಾರೆ. ಗೆದ್ದ ಎತ್ತಿನ ಮೇವಿನ ಬಗ್ಗೆ, ಸಾಕಿದವನ ಕೈಗುಣದ ಬಗ್ಗೆ ಊರು ವಾರಗಟ್ಟಲೆ ಮಾತಾಡುತ್ತದೆ. ಬಂಡಿಯ ಬೆಲೆ ಕೇಳಿದವರನ್ನು ನಾನು ಕಂಡಿಲ್ಲ. ಎತ್ತಿನ ವಿಷಯದಲ್ಲಿ ಇಷ್ಟು ಸರಿಯಾಗಿ ಯೋಚಿಸುವ ನಾವು ಮಕ್ಕಳ ವಿಷಯದಲ್ಲಿ ಮಾತ್ರ ಬಂಡಿಯ ಬೆಲೆಗೆ ಮರುಳಾಗಿದ್ದೇವೆ.

ಒಂದು ಕಾಲಕ್ಕೆ ಸರ್ಕಾರವೇ ಆ ಒಂದೇ ಬಂಡಿಯನ್ನು ಕೊಟ್ಟಿತ್ತು. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಯಿತು, ಕೊರೋನಾ ಬಂದ ಮೇಲೆ 2020–21ರಿಂದ ನಿಂತಿತು. ಅಷ್ಟು ವರ್ಷ ಸಾವಿರಾರು ಮಕ್ಕಳ ಕೆಳಗೆ ಒಂದೇ ಬಗೆಯ, ಗೇರಿಲ್ಲದ ಸೈಕಲ್ ಇತ್ತು. ಯಾರ ಕಾಲಿನಲ್ಲಿ ಕಸುವಿದೆ ಎಂದು ಹುಡುಕಲು ಅದಕ್ಕಿಂತ ನ್ಯಾಯವಾದ ಪರೀಕ್ಷೆ ಬೇರೆ ಇರಲಿಲ್ಲ. ತಾಲ್ಲೂಕಿಗೊಂದು ಓಟ ಅದೇ ಸೈಕಲ್ಲಿನ ಮೇಲೆ ಇಟ್ಟಿದ್ದರೆ ಎಷ್ಟು ಮಕ್ಕಳು ಸಿಗುತ್ತಿದ್ದರೋ! ಆ ಅವಕಾಶ ಕಳೆದುಕೊಂಡದ್ದು ನನಗೆ ಇಂದಿಗೂ ಸಂಕಟದ ವಿಷಯ.

ಹಾಗಾದರೆ ಏನು ಕೊಳ್ಳಬೇಕು? ಇದನ್ನು ವಿವರವಾಗಿಯೇ ಹೇಳುತ್ತೇನೆ. ಬೇಡ ಎನ್ನುವವನು ಬೇಕಾದದ್ದನ್ನೂ ತೋರಿಸಬೇಕು.

ಮೊದಲು ಹುಡುಗನ ಅಳತೆ. ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ತೊಡೆಸಂದಿಯಿಂದ ನೆಲದವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಎರಡೂ ಪೆಡಲ್ ತೋಳುಗಳನ್ನು ಹಿಡಿದಿರುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟಿರಬೇಕು ಎಂಬುದು ಸರಿಸುಮಾರು ಸಿಗುತ್ತದೆ. 80 ಸೆಂ.ಮೀ. ಕಾಲಿಗೆ ಎಪ್ಪತ್ತೂವರೆ ಸೆಂ.ಮೀ. ಅಲ್ಲಿಂದ ಅರ್ಧ, ಒಂದು ಸೆಂ.ಮೀ. ಆಚೀಚೆ ಮಾಡಿ ನೋಡಬೇಕು. ಫ್ರೆಂಚ್ ತರಬೇತುದಾರ ಸಿರಿಲ್ ಗಿಮಾರ್ ಬಳಸಿ, ಟೂರ್ ಗೆದ್ದ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಲೆಕ್ಕ ಇದು. ಟೇಪು ಟೈಲರ್ ಅಂಗಡಿಯಲ್ಲೇ ಸಿಗುತ್ತದೆ. ಸೀಟು ತಗ್ಗಿಸಿಕೊಂಡು ವರ್ಷಗಟ್ಟಲೆ ತುಳಿದು ಮೊಣಕಾಲು ಹಾಳುಮಾಡಿಕೊಂಡ ಹುಡುಗರನ್ನು ಕಂಡಿದ್ದೇನೆ. ಅವರಲ್ಲಿ ಒಬ್ಬನಿಗೂ ಯಾರೂ ಟೇಪು ಹಿಡಿದಿರಲಿಲ್ಲ.

ಆಮೇಲೆ ಫ್ರೇಮು. ಹಳೆಯ ಉಕ್ಕಿನ ರೋಡ್ ಸೈಕಲ್ ಸಿಕ್ಕರೆ ಭಾಗ್ಯ. ಇಲ್ಲದಿದ್ದರೆ ಅಲ್ಯೂಮಿನಿಯಂ ಫ್ರೇಮಿನ, ಶಾಕ್ ಇಲ್ಲದ ಹೈಬ್ರಿಡ್ ಸೈಕಲ್, ಅದೂ ಒಬ್ಬರು ಬಳಸಿ ಬಿಟ್ಟದ್ದು. ಗಾಲಿ ದೊಡ್ಡದಿರಬೇಕು, 700ರ ಅಳತೆ. ಪೆಡಲ್ ಅಚ್ಚು ಕೂರುವ ಕೊಳವೆಯಲ್ಲಿ ಥ್ರೆಡ್ ಇದೆಯೋ ಇಲ್ಲವೋ ನೋಡಿ. ಥ್ರೆಡ್ ಇದ್ದರೆ ಕೊಪ್ಪಳದ, ಗದಗಿನ ಯಾವ ಸೈಕಲ್ ಮಿಸ್ತ್ರಿಯೂ ಬಿಚ್ಚಿ ಕಟ್ಟುತ್ತಾನೆ. ಒತ್ತಿ ಕೂರಿಸುವ ಹೊಸ ಬಗೆಯ ಬೇರಿಂಗ್ ಇದ್ದರೆ ಅದಕ್ಕೆ ಬೇಕಾದ ಹತಾರ ಇಲ್ಲಿ ಯಾರ ಬಳಿಯೂ ಇರುವುದಿಲ್ಲ, ಕಿರುಗುಟ್ಟಲು ಶುರುವಾದ ದಿನ ಸೈಕಲ್ ಹೊತ್ತು ಬೆಂಗಳೂರಿಗೆ ಹೋಗಬೇಕು. ರಿಪೇರಿ ಆಗದ ಸೈಕಲ್ ಎಷ್ಟು ಹಗುರವಾಗಿದ್ದರೇನು?

ಗೇರಿನ ಬಗ್ಗೆ ಇಲ್ಲಿ ವಿಪರೀತ ಮೋಹವಿದೆ. ಮುಂದೆ 42 ಹಲ್ಲು, ಹಿಂದೆ 14 ಹಲ್ಲು, ನಿಮಿಷಕ್ಕೆ 90 ಸುತ್ತು ತುಳಿದರೆ ತಾಸಿಗೆ 34 ಕಿ.ಮೀ. ಆಗುತ್ತದೆ. ಏಳು ಗೇರಿನ ಸಾದಾ ಫ್ರೀವೀಲಿನಲ್ಲಿ ಇದು ಸಿಗುತ್ತದೆ. ತಾಸುಗಟ್ಟಲೆ ಒಬ್ಬನೇ 34ರಲ್ಲಿ ಹೋಗುವ ಹುಡುಗನಿದ್ದರೆ ಅವನನ್ನು ಇಡೀ ಜಿಲ್ಲೆ ಹೊತ್ತು ತಿರುಗಬೇಕು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ಕಿರಿಯರ ಸ್ಪರ್ಧೆಗಳಲ್ಲಿ ಪೆಡಲಿನ ಒಂದು ಸುತ್ತಿಗೆ 7.93 ಮೀಟರಿಗಿಂತ ದೂರ ಹೋಗುವ ಗೇರನ್ನು ಬಳಸಬಾರದೆಂದು ಬಹಳ ಕಾಲ ನಿರ್ಬಂಧಿಸಿತ್ತು, ಅದನ್ನು ತೆಗೆದದ್ದು 2023ರಲ್ಲಿ. ಎಳೆಯ ಕಾಲು ಭಾರದ ಗೇರನ್ನು ಒತ್ತುವುದಕ್ಕಿಂತ ಹಗುರದ ಗೇರನ್ನು ಬೇಗ ಸುತ್ತುವುದನ್ನು ಕಲಿಯಲಿ ಎಂಬುದೇ ಅದರ ಹಿಂದಿನ ತಿಳಿವಳಿಕೆ.

ಬಾಗಿದ ಹ್ಯಾಂಡಲ್ ಹಾಕಿಸುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಬೇಕು. ಹೈಬ್ರಿಡ್ ಸೈಕಲ್ಲಿನ ಉದ್ದ ತೋಳಿನ ವಿ-ಬ್ರೇಕಿಗೆ ರೋಡ್ ಸೈಕಲ್ಲಿನ ಬ್ರೇಕ್ ಹಿಡಿಕೆ ಹೊಂದುವುದಿಲ್ಲ. ಅದು ಎಳೆಯುವ ವೈರಿನ ಉದ್ದ ಸಾಲದು, ಹಿಡಿದರೆ ಮೆತ್ತಗೆ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಹೊಂದುವ ಹಿಡಿಕೆಯನ್ನೇ ಕೇಳಿ ತರಬೇಕು. ಉಳಿತಾಯ ಮಾಡಬಾರದ ಜಾಗ ಮೂರೇ: ಬ್ರೇಕು, ಟೈರು, ಹೆಲ್ಮೆಟ್ಟು. ಭಾನಾಪುರದಿಂದ ಕುಕನೂರಿನ ಮೇಲೆ ಹಾದು ಹೋಗುವುದು ರಾಷ್ಟ್ರೀಯ ಹೆದ್ದಾರಿ, ಅಲ್ಲಿ ಲಾರಿಗಳು ನಸುಕಿನಲ್ಲೂ ಓಡುತ್ತವೆ. ಹೆಲ್ಮೆಟ್ಟಿಲ್ಲದ, ಹಿಂದೆ ಕೆಂಪು ದೀಪವಿಲ್ಲದ ಹುಡುಗನನ್ನು ರಸ್ತೆಗೆ ಬಿಡುವುದು ತಪ್ಪು.

ಟೈರು 28 ಅಥವಾ 32 ಮಿ.ಮೀ. ಇರಲಿ. ಕಲ್ಲಿನಂತೆ ಹವಾ ತುಂಬಿದರೆ ವೇಗ ಹೆಚ್ಚು ಎಂಬುದು ಇನ್ನೊಂದು ತಪ್ಪು ನಂಬಿಕೆ. ಅರವತ್ತು ಕಿಲೋ ಹುಡುಗನಿಗೆ 28ರ ಟೈರಿನಲ್ಲಿ 70 ಪಿಎಸ್‌ಐ ಸುತ್ತ ಸಾಕು. ನಮ್ಮ ರಸ್ತೆಯ ಒರಟಿನ ಮೇಲೆ ಕುಣಿಯುವ ಟೈರು ಶಕ್ತಿ ತಿನ್ನುತ್ತದೆ. ಜಾಲಿಮುಳ್ಳಿನ ಕಾಟಕ್ಕೆ ನಮ್ಮ ಮಿಸ್ತ್ರಿಗಳು ಹಳೆಯ ಟ್ಯೂಬನ್ನು ಸೀಳಿ ಟೈರಿನೊಳಗೆ ಹಾಸುತ್ತಾರೆ. ಚೂರು ಭಾರವಾಗುತ್ತದೆ, ಆದರೂ ಒಳ್ಳೆಯ ಉಪಾಯ. ರಿಮ್ಮಿನ ಔಟ್ ತೆಗೆಯುವುದನ್ನು, ಪಂಕ್ಚರ್ ಹಾಕುವುದನ್ನು, ಕಡ್ಡಿ ಬಿಗಿ ಮಾಡುವುದನ್ನು ಹುಡುಗ ತಾನೇ ಕಲಿಯಲಿ. ಎರಿ ಮಣ್ಣಿನ ಧೂಳು ಚೈನನ್ನು ಅರೆದುಬಿಡುತ್ತದೆ. ಮೋಟಾರಿನ ಹಳೆ ಆಯಿಲ್ ಬಳಿಯುವುದು ನಿಲ್ಲಿಸಿ, ಅದು ಧೂಳನ್ನು ಹಿಡಿದಿಟ್ಟು ಇನ್ನಷ್ಟು ಅರೆಯುತ್ತದೆ. ಚೈನನ್ನು ಒರಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಮತ್ತೆ ಒರಸಿದರೆ ಆಯಿತು.

ಬಳಸಿದ ಸೈಕಲ್, ಹೊಸ ಟೈರು, ಚೈನು, ಫ್ರೀವೀಲ್, ವೈರುಗಳು, ಹ್ಯಾಂಡಲ್, ಹೆಲ್ಮೆಟ್, ಪಂಪು, ನಾಲ್ಕು ಪಾನ ಎಲ್ಲ ಸೇರಿಸಿದರೂ ನನ್ನ ಕೈಲೆಕ್ಕದಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಸಾವಿರದೊಳಗೆ ಮುಗಿಯುತ್ತದೆ. ಇದೂ ಬಡವನಿಗೆ ಸಣ್ಣ ದುಡ್ಡಲ್ಲ, ನನಗೆ ಗೊತ್ತು. ಆದರೆ ಇದನ್ನು ತಿಂಗಳಿಗೊಂದು ಭಾಗದಂತೆ ಕಟ್ಟಬಹುದು. ಒಮ್ಮೆ ಟೈರು, ಸುಗ್ಗಿ ಬಂದಾಗ ಹ್ಯಾಂಡಲ್. 2025ರ ಮೇ ತಿಂಗಳಲ್ಲಿ ಕುಷ್ಟಗಿ ರೈಲು ಶುರುವಾದ ಮೇಲೆ ಬಿಡಿಭಾಗ ತರಲು ಹುಬ್ಬಳ್ಳಿಗೆ ಹೋಗಿಬರುವುದೂ ಸುಲಭವಾಗಿದೆ.

ಬಳಸಿದ ಸೈಕಲ್ ಸಾಕು ಎಂದೆ, ಆದರೆ ಯಾರೋ ಬಳಸಿ ಬಿಟ್ಟ ಕಾರ್ಬನ್ ಸೈಕಲ್ಲನ್ನು ಒಂದು, ಒಂದೂವರೆ ಲಕ್ಷಕ್ಕೆ ತರುವುದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಉಕ್ಕು ಬಿರುಕು ಬಿಟ್ಟರೆ ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತದೆ, ವೆಲ್ಡಿಂಗ್ ಆಗುತ್ತದೆ. ಕಾರ್ಬನ್ ಒಳಗೆ ಬಿಟ್ಟ ಬಿರುಕು ಬಣ್ಣದ ಕೆಳಗೆ ಅಡಗಿರಬಹುದು, ಒಂದು ದಿನ ಇಳಿಜಾರಿನಲ್ಲಿ ಹಠಾತ್ತನೆ ಮುರಿಯಬಹುದು. ಯಾರು ಯಾವ ಗುಂಡಿಯಲ್ಲಿ ಕೆಡವಿದ್ದರೋ ತಿಳಿಯದ ಫ್ರೇಮಿನ ಮೇಲೆ ಮಗನನ್ನು ಕೂರಿಸುವುದು, ಅದಕ್ಕೆ ಸಾಲ ಬೇರೆ ಮಾಡುವುದು, ಎರಡು ಕಡೆಯಿಂದಲೂ ನಷ್ಟ.

ಸೈಕಲ್ಲಿಗಿಂತ ದೊಡ್ಡ ಕೊರತೆ ತರಬೇತಿಯಲ್ಲಿದೆ. ನಮ್ಮ ಹುಡುಗರು ದಿನವೂ ಜೀವ ಬಿಟ್ಟು ಹೊಡೆಯುತ್ತಾರೆ. ಸೋಮವಾರವೂ ಬಿರುಸು, ಮಂಗಳವಾರವೂ ಬಿರುಸು, ಮೂರು ತಿಂಗಳಲ್ಲಿ ಸೊರಗಿ ಕೂರುತ್ತಾರೆ. ಆಗ ಸೈಕಲ್ ಸರಿಯಿಲ್ಲ ಎನ್ನುತ್ತಾರೆ. ನಾರ್ವೆಯಲ್ಲಿ ಕೆಲಸ ಮಾಡುವ ಸಂಶೋಧಕ ಸ್ಟೀಫನ್ ಸೈಲರ್ ಬೇರೆ ಬೇರೆ ಸಹಿಷ್ಣುತೆಯ ಆಟಗಳ ಅಗ್ರ ಕ್ರೀಡಾಪಟುಗಳ ಅಭ್ಯಾಸವನ್ನು ಅಧ್ಯಯನ ಮಾಡಿ, ಅವರ ತರಬೇತಿಯ ನೂರರಲ್ಲಿ ಎಂಬತ್ತರಷ್ಟು ಭಾಗ ಹಗುರವಾದದ್ದು ಎಂದು ತೋರಿಸಿದರು. ಹಗುರ ಎಂದರೆ ಜೊತೆಯವನೊಡನೆ ಮಾತಾಡುತ್ತ ಹೋಗುವಷ್ಟು. ಉಳಿದ ಇಪ್ಪತ್ತು ಭಾಗ ಮಾತ್ರ ಉಸಿರು ಕಟ್ಟುವಷ್ಟು.

ಇದನ್ನು ಕುಕನೂರಿನಲ್ಲಿ ಮಾಡಲು ವ್ಯಾಟ್ ಅಳೆಯುವ ಯಂತ್ರ ಬೇಡ, ಕೈಗಡಿಯಾರ ಸಾಕು. ವಾರಕ್ಕೆರಡು ದಿನ ಇಟಗಿ ರಸ್ತೆಯಲ್ಲಿ ಗಾಳಿಗೆ ಎದುರಾಗಿ ಐದು ನಿಮಿಷ ಗಟ್ಟಿ ತುಳಿತ, ಐದು ನಿಮಿಷ ಹಗುರ, ಹೀಗೆ ನಾಲ್ಕು ಸಲ. ಎರಡು ಮೂರು ದಿನ ಒಂದೊಂದು ತಾಸಿನ ಹಗುರ ಸವಾರಿ. ಭಾನುವಾರ ಯಲಬುರ್ಗಾ ದಾಟಿ ಕುಷ್ಟಗಿಗೆ ಹೋಗಿ ಮರಳುವ ಮೂರು ನಾಲ್ಕು ತಾಸಿನ ಉದ್ದ ಸವಾರಿ. ಒಂದು ದಿನ ಪೂರ್ತಿ ವಿಶ್ರಾಂತಿ, ಹೊಲದ ಕೆಲಸವಿದ್ದ ದಿನ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂರು ವಾರಕ್ಕೊಮ್ಮೆ ಪರೀಕ್ಷೆ: ನಸುಕಿನಲ್ಲಿ, ಕಿಲೋಮೀಟರ್ ಕಲ್ಲು ನೋಡಿಕೊಂಡು ಐದು ಕಿ.ಮೀ. ಹೋಗಿ ಅದೇ ಕಲ್ಲಿಗೆ ಮರಳಿ, ಒಟ್ಟು ಸಮಯವನ್ನು ವಹಿಯಲ್ಲಿ ಬರೆದಿಡುವುದು. ಹೋಗಿ ಬಂದರೆ ಗಾಳಿಯ ವ್ಯತ್ಯಾಸ ಬಹುಪಾಲು ಸರಿದೂಗುತ್ತದೆ. ಆರು ತಿಂಗಳ ಆ ವಹಿ ನೋಡಿದರೆ ಹುಡುಗ ಬೆಳೆಯುತ್ತಿದ್ದಾನೋ ಇಲ್ಲವೋ ತಂದೆಗೂ ತಿಳಿಯುತ್ತದೆ. ಆ ವಹಿಯನ್ನೇ ಯಾರೂ ಇಡುವುದಿಲ್ಲ.

ಗುಂಪಿನಲ್ಲಿ ಸವಾರಿ ಮಾಡುವುದೂ ಕಲಿಕೆಯೇ. ಮುಂದಿನವನ ಗಾಲಿಗೆ ಹತ್ತಿಕೊಂಡು ಹೋದರೆ ಹಿಂದಿನವನ ಶ್ರಮ ಮೂರರಲ್ಲೊಂದು ಪಾಲು ತಗ್ಗಬಹುದು. ಯಾವ ಕಾರ್ಬನ್ ಫ್ರೇಮೂ ಇಷ್ಟು ಕೊಡುವುದಿಲ್ಲ. ನಾಲ್ಕು ಹುಡುಗರು ಸೇರಿ ಸರದಿಯ ಮೇಲೆ ಮುಂದೆ ಬಂದು ಗಾಳಿ ಹೊಡೆಸಿಕೊಳ್ಳುವ ಅಭ್ಯಾಸ ಮಾಡಲಿ.

ಊಟದ ವಿಷಯದಲ್ಲೂ ಇದೇ ದುಬಾರಿತನದ ಹುಚ್ಚು ಹಬ್ಬುತ್ತಿದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ತಿನ್ನುವ ಮನೆಯ ಮಗನಿಗೆ ಡಬ್ಬಿಯ ಪುಡಿ ಬೇಕಾಗಿಲ್ಲ. ಉದ್ದ ಸವಾರಿಯಲ್ಲಿ ತಾಸಿಗೊಂದು ಬಾಳೆಹಣ್ಣು, ಒಂದು ಚೂರು ಬೆಲ್ಲ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಅಂಶ ಎಷ್ಟಿದೆ ನೋಡಿಕೊಳ್ಳಬೇಕು, ರಕ್ತಹೀನತೆ ಇದ್ದರೆ ಯಾವ ಸೈಕಲ್ಲೂ ಓಡುವುದಿಲ್ಲ.

ಇನ್ನು ಉಳಿದದ್ದು ದುಬಾರಿ ಸೈಕಲ್ ಬೇಕೆನ್ನುವವರ ವಾದದ ಗಟ್ಟಿಯಾದ ಭಾಗ. ರಾಷ್ಟ್ರಮಟ್ಟದ ಟೈಮ್ ಟ್ರಯಲ್‌ನಲ್ಲಿ ಸೆಕೆಂಡುಗಳಲ್ಲಿ ಪದಕ ತೀರ್ಮಾನವಾಗುತ್ತದೆ, ಅಲ್ಲಿ ಸಾಧನ ಬೇಕೇ ಬೇಕು ಎನ್ನುತ್ತಾರೆ. ಬೇಕು. ಇಬ್ಬರ ಕಾಲೂ ಸಮಾನವಾದಾಗ ಗಾಲಿಯ ವ್ಯತ್ಯಾಸ ಗೆಲ್ಲಿಸುತ್ತದೆ, ಸೋಲಿಸುತ್ತದೆ. ಆದರೆ ಆ ಹಂತ ಮುಟ್ಟಿದ ಹುಡುಗ ರಾಜ್ಯದ ಹುಡುಗ. ಅವನ ಸೈಕಲ್ಲಿಗೆ ಅವನ ಅಪ್ಪ ಹೊಲ ಮಾರುವುದು ರಾಜ್ಯಕ್ಕೆ ಅವಮಾನ. ವಿಜಯಪುರ, ಬಾಗಲಕೋಟೆ, ಗದಗಿನ ಕ್ರೀಡಾ ವಸತಿ ನಿಲಯಗಳಲ್ಲಿ ಸೈಕ್ಲಿಂಗ್ ಇದೆ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ ಸೈಕ್ಲಿಂಗಿಗೆ ಹೆಸರಾದದ್ದು. ದುಬಾರಿ ಸೈಕಲ್ಲುಗಳ ಅಂಗಡಿಗಳು ಬೆಂಗಳೂರಿನಲ್ಲಿವೆ, ಸವಾರರು ಬರುವುದು ಈ ಒಣ ಜಿಲ್ಲೆಗಳಿಂದ. ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ 2023ರಲ್ಲಿ ನಡೆದದ್ದೂ ವಿಜಯಪುರದಲ್ಲೇ. ಇಲ್ಲಿಂದ ಆರಿಸಿದ ಮಕ್ಕಳಿಗೆ ಗ್ರಂಥಾಲಯದ ಪುಸ್ತಕದಂತೆ ಒಳ್ಳೆಯ ಸೈಕಲ್ಲನ್ನು ಕಡ ಕೊಟ್ಟು, ಸ್ಪರ್ಧೆ ಮುಗಿದ ಮೇಲೆ ವಾಪಸು ಪಡೆದು, ಮುಂದಿನವರಿಗೆ ಕೊಡುವ ವ್ಯವಸ್ಥೆ ಜಿಲ್ಲೆಗೊಂದು ಬೇಕು. ಒಬ್ಬ ದಾನಿ ಒಬ್ಬಳಿಗೆ ಸೈಕಲ್ ಕೊಟ್ಟು ಫೋಟೋ ತೆಗೆಸಿಕೊಂಡರೆ ಒಬ್ಬಳಿಗೆ ಸಹಾಯವಾಗುತ್ತದೆ, ಎರಡು ವರ್ಷದಲ್ಲಿ ಆ ಸೈಕಲ್ ಅವಳಿಗೇ ಗಿಡ್ಡವಾಗುತ್ತದೆ. ಹತ್ತು ಸೈಕಲ್ ಕಡ ಕೊಡುವ ಕೋಣೆಯೊಂದಿದ್ದರೆ ಹತ್ತು ವರ್ಷದಲ್ಲಿ ನೂರು ಮಕ್ಕಳ ಕಾಲ ಕೆಳಗೆ ಅವು ಓಡುತ್ತವೆ.

ಕೊಲಂಬಿಯಾದ ನೈರೊ ಕಿಂಟಾನಾ ರೈತರ ಮಗ. ಗುಡ್ಡದ ಮೇಲಿನ ಮನೆಯಿಂದ ಶಾಲೆಗೆ ಹೋಗಿಬರಲು ಅವರಪ್ಪ ಕೊಡಿಸಿದ್ದು ಯಾರೋ ಬಳಸಿದ್ದ ಒಂದು ಅಗ್ಗದ ಸೈಕಲ್. ಅದನ್ನು ತುಳಿದೇ ಕಾಲು ಗಟ್ಟಿಯಾದವು. 2014ರಲ್ಲಿ ಇಟಲಿಯ ಜಿರೊ, 2016ರಲ್ಲಿ ಸ್ಪೇನಿನ ವುವೆಲ್ಟಾ ಗೆದ್ದಾಗ ಅವನ ಕೆಳಗೆ ತಂಡ ಕೊಟ್ಟ ಅತ್ಯುತ್ತಮ ಸೈಕಲ್ ಇತ್ತು. ಮೊದಲು ಕಾಲು ಬಂತು, ಆಮೇಲೆ ಸೈಕಲ್ ಬಂತು, ಅದನ್ನು ಕೊಟ್ಟವರು ಬೇರೆಯವರು. ನಮ್ಮಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿ, ಭಾರವನ್ನೆಲ್ಲ ಅಪ್ಪನ ಹೆಗಲಿಗೆ ಹೊರಿಸಿದ್ದೇವೆ.

ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೆ. ಗುದ್ನೆಪ್ಪನ ಮಠದ ಜಾತ್ರೆಯಿರಲಿ, ನಿಮ್ಮೂರ ದೇವರ ಜಾತ್ರೆಯಿರಲಿ, ಸೈಕಲ್ ಸ್ಪರ್ಧೆ ಇಟ್ಟರೆ ಗೇರಿಲ್ಲದ ಸಾದಾ ಸೈಕಲ್ಲಿನ ಓಟವೊಂದನ್ನು ಇಡಿ, ಹುಡುಗಿಯರಿಗೂ ಇಡಿ, ಗೆದ್ದವರ ಹೆಸರು ಮತ್ತು ಸಮಯವನ್ನು ಬರೆದು ಗದಗಿನ ಕ್ರೀಡಾ ವಸತಿ ನಿಲಯಕ್ಕೆ ಕಳಿಸಿಕೊಡಿ. ಮಗ ಬಿರುಸು ಹೊಡೆಯುತ್ತಾನೆಂದು ಹಿಗ್ಗುವ ತಂದೆತಾಯಿಗಳಲ್ಲಿ ಇನ್ನೊಂದು ಬೇಡಿಕೆ: ಹೊಲದ ಕಾಗದವನ್ನು ಪೆಟ್ಟಿಗೆಯಲ್ಲೇ ಇಡಿ, ಮಗನಿಗೆ ಒಂದು ವಹಿ ಕೊಡಿಸಿ. ನನ್ನ ಬಳಿ ಬಂದಿದ್ದ ಆ ಹುಡುಗನ ವಹಿಯಲ್ಲಿ ಜೂನ್ ಮೊದಲ ವಾರ ಹತ್ತು ಕಿಲೋಮೀಟರಿಗೆ 22 ನಿಮಿಷ 40 ಸೆಕೆಂಡ್ ಎಂದಿತ್ತು. ದೀಪಾವಳಿಯ ಹೊತ್ತಿಗೆ 19 ನಿಮಿಷ 5 ಸೆಕೆಂಡ್. ಸೈಕಲ್ ಅದೇ, ಟೈರು ಮಾತ್ರ ಬೇರೆ.